ಮೊಲೊಚ್ನಾದ ಫ್ರೀಸನ್‌ಗಳು: ಒಡಹುಟ್ಟಿದವರ ಸಾಲು ಹಿಡಿದು ಹುಡುಕಿದ್ದು

ಮೊಲೊಚ್ನಾ ಎಂದರೆ ಆಗಿನ ರಷ್ಯಾದಲ್ಲಿದ್ದ, ಜರ್ಮನ್ ಮಾತಾಡುವ ಮೆನ್ನೊನೈಟ್ ಕ್ರೈಸ್ತರ ಕಾಲೊನಿ, ಫ್ರೀಸನ್ ಅಲ್ಲಿನ ಒಂದು ಮನೆತನ. ಇಂಥವರ ವಂಶಾವಳಿ ಹುಡುಕುವಾಗ, 1835ರ ಜನಗಣತಿಗೂ ಉತ್ತರ ಅಮೆರಿಕಕ್ಕೆ ವಲಸೆ ಹೊರಟವರ 1874ರ ಹಡಗಿನ ಪಟ್ಟಿಗೂ ನಡುವಿನ ನಲವತ್ತು ವರ್ಷವನ್ನು ಚರ್ಚಿನ ಪುಸ್ತಕವಿಲ್ಲದೆ ದಾಟಲು ಆಗುವುದಿಲ್ಲ ಎಂದೇ ಈ ಕೆಲಸ ಬಲ್ಲವರು ಹೇಳುತ್ತಾ ಬಂದರು. ಆಗುತ್ತದೆ. ಹೆಸರನ್ನು ಹುಡುಕುವುದು ಬಿಟ್ಟು ಮಕ್ಕಳ ಸಾಲನ್ನು, ಅಂದರೆ ಒಂದು ಮನೆಯ ಒಡಹುಟ್ಟಿದವರ ಹೆಸರು-ವಯಸ್ಸಿನ ಕ್ರಮವನ್ನು, ಹುಡುಕಬೇಕು. ಕೈಬಿಟ್ಟಿದ್ದ ಕುಟುಂಬಗಳೂ ಈ ದಾರಿಯಲ್ಲಿ ಸಿಕ್ಕಿವೆ.

ಮೆನ್ನೊನೈಟರ ಹೆಸರುಗಳದ್ದೇ ಒಂದು ಕಷ್ಟ. ಫ್ರೀಸನ್, ಡಿಕ್, ವೀನ್ಸ್, ಪೆನ್ನರ್ ಎಂಬ ಮನೆತನಗಳು, ಅವುಗಳ ಮುಂದೆ ಮತ್ತೆ ಮತ್ತೆ ಅದೇ ಪೀಟರ್, ಯಾಕೊಬ್, ಯೋಹಾನ್. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೂ ಇಡುತ್ತಾರೆ. ದೀಕ್ಷಾಸ್ನಾನ ಪ್ರಾಯಕ್ಕೆ ಬಂದ ಮೇಲೆ, ಆದ್ದರಿಂದ ಅದರ ಪಟ್ಟಿ ಜನನ ದಾಖಲೆಯಾಗುವುದಿಲ್ಲ.

ನಡುವೆ ಸೇತುವೆಯಾಗಿ ಒದಗಿದ್ದು 1850ರ ದಶಕದ ಮತ್ತು 1860ರ ದಶಕದ ಆರಂಭದ ಮೊಲೊಚ್ನಾ ಶಾಲಾ ಪಟ್ಟಿಗಳು. ಮಗುವಿನ ಹೆಸರು, ವಯಸ್ಸು, ತಂದೆಯ ಹೆಸರು ಅಲ್ಲಿವೆ. ಲಿಖ್ಟೆನೌ ಊರಿನ ಪೀಟರ್ ಫ್ರೀಸನ್ ಎಂಬವನ ಮನೆಯಲ್ಲಿ 13ರ ಕಟರೀನಾ, 11ರ ಯಾಕೊಬ್, 8ರ ಆನ್ನಾ ಇದ್ದಾರೆ ಎಂದುಕೊಳ್ಳಿ. ನೋಡಬೇಕಾದ್ದು ವಯಸ್ಸಲ್ಲ, ಅಂತರ: ಎರಡು, ಮೂರು. ಹಡಗಿನ ಪಟ್ಟಿಯಲ್ಲಿ ವಯಸ್ಸು ಎರಡು ವರ್ಷ ಆಚೀಚೆ ಹೋಗಿರುತ್ತದೆ, ಅಂತರ ಅಷ್ಟು ಕೆಡುವುದಿಲ್ಲ. ಅಷ್ಟರಲ್ಲಿ ಕಟರೀನಾ ಮದುವೆಯಾಗಿ ಗಂಡನ ಹೆಸರಿನಲ್ಲಿರುತ್ತಾಳೆ, ಆದ್ದರಿಂದ ಅಪ್ಪನ ಮನೆಯ ಮೇಲಿನ ಮತ್ತು ಕೆಳಗಿನ ಐದಾರು ಕುಟುಂಬಗಳನ್ನೂ ಓದಿ. ನಂಟರು ಒಟ್ಟಿಗೇ ಹೊರಟವರು. ನಾಲ್ಕು ಮಕ್ಕಳ ಸಾಲು ಹೊಂದಿದರೆ ನಂಬುತ್ತೇನೆ. ಇಬ್ಬರೇ ಹೊಂದಿದರೆ ಬದಿಗಿಡುತ್ತೇನೆ.

ಅಲ್ಲಿಂದ ಹಿಂದಕ್ಕೆ ಹೋಗುವುದೇ ಹೆಚ್ಚು ಬೆವರಿಳಿಸುವ ಕೆಲಸ. ತಂದೆ 1825ರ ಸುಮಾರಿಗೆ ಹುಟ್ಟಿದವನಾದರೆ, 1835ರಲ್ಲಿ 8ರಿಂದ 12 ವಯಸ್ಸಿನ ಪೀಟರ್ ಫ್ರೀಸನ್‌ಗಳನ್ನೆಲ್ಲ ಬರೆದುಕೊಂಡು ಒಬ್ಬೊಬ್ಬರನ್ನೇ ಕಳೆಯುತ್ತಾ ಬರಬೇಕು. ಇವನು ಸತ್ತ, ಇವನಿಗೆ ಗ್ರಾಂಡ್‌ಮಾ ಎಂಬ ಮೆನ್ನೊನೈಟ್ ವಂಶಾವಳಿಗಳ ಡೇಟಾಬೇಸಿನಲ್ಲಿ ಬೇರೆ ಹೆಂಡತಿ ಇದ್ದಾಳೆ, ಇವನ ಮನೆಯವರು ಇನ್ನೊಂದು ಊರಿಗೆ ಹೋದರು, ಹೀಗೆ. ಕೊನೆಗೆ ಒಬ್ಬನೇ ಉಳಿದರೂ ಅವನೇ ಎನ್ನುವ ಮೊದಲು ಇನ್ನೊಂದು ಸಾಕ್ಷಿ ಬೇಕು. ಉಳಿದವರನ್ನು ನಾನು ಯಾವ ಕ್ರಮದಲ್ಲಿ ತೂಗುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಎಡವುವ ಜಾಗಗಳು ಕೆಲವು. ವಿಧುರರು, ವಿಧವೆಯರು ಬೇಗನೆ ಮರುಮದುವೆಯಾಗುತ್ತಿದ್ದರು, ಮಲತಂದೆಯ ಹೆಸರಿನ ಕೆಳಗೆ ಮಕ್ಕಳು ಸಿಕ್ಕಾಗ ಸಾಲು ನಡುವೆ ಮುರಿದಂತೆ ಕಾಣುತ್ತದೆ. ಒಬ್ಬನಿಗೇ ಎರಡು ಜನ್ಮದಿನ ಸಿಕ್ಕಿ ಅಂತರ 12 ದಿನವಿದ್ದರೆ ಅದು ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಹಳೆಯ ಜೂಲಿಯನ್ ಪಂಚಾಂಗದ ವ್ಯತ್ಯಾಸ (1900ರ ಮಾರ್ಚ್‌ನಿಂದ 13). ರಷ್ಯನ್ ಕಾಗದಗಳಲ್ಲಿ ಹಿಲ್ಡೆಬ್ರಾಂಟ್‌ಗಳು ಗಿಲ್ದೆಬ್ರಾಂಟ್ ಆಗುತ್ತಾರೆ, ಹೈನ್ರಿಖ್‌ಗಳು ಎಷ್ಟೋ ಸಲ ಆಂದ್ರೇಯ್ ಆಗಿರುತ್ತಾರೆ. ನಡುವಿನ ಇನಿಷಿಯಲ್ ರಷ್ಯಾದಲ್ಲಿ ಸಾಮಾನ್ಯವಾಗಿ ತಂದೆಯದು, ಕೆನಡಾದಲ್ಲಿ ಹೆಚ್ಚಾಗಿ ತಾಯಿಯ ತವರು ಮನೆತನದ್ದು. ಟೀಗೆ, ಓರ್ಲೋಫ್, ಬ್ಲೂಮೆನೋರ್ಟ್ ಎಂಬ ಊರುಗಳು ಮೊಲೊಚ್ನಾದಲ್ಲೂ ಇದ್ದವು, 1871ರಲ್ಲಿ ಕಟ್ಟಿದ ಜಾಗ್ರಡೋವ್ಕಾ ಕಾಲೊನಿಯಲ್ಲೂ ಇದ್ದವು. ಕಾಲೊನಿಯ ಹೆಸರಿಲ್ಲದ ಊರನ್ನು ಟಿಪ್ಪಣಿಯಲ್ಲಿ ಸೇರಿಸಲೇಬೇಡಿ.

ದುಡ್ಡು ಹೆಚ್ಚು ಸೋರುವುದು ಓದಿಸುವಲ್ಲಿ. ಇಡೀ ಹಳ್ಳಿಯ ಪಟ್ಟಿಯನ್ನು ಹಳೆಯ ಜರ್ಮನ್ ಕೈಬರಹ ಓದುವವರೊಬ್ಬರಿಗೆ ಕೊಟ್ಟು ಸುಮಾರು 30,000 ರೂಪಾಯಿ ಹೋಯಿತು. ಆ ಬರಹದಲ್ಲಿ ಎನ್, ಇ, ಯು ಒಂದೇ ತರಹ ಕಾಣುತ್ತವೆ, ಅರ್ಧದಷ್ಟು ಮನೆತನಗಳನ್ನು ಊಹೆಯಿಂದ ತುಂಬಿದ್ದರು. ಈಗ ಮೊದಲು ಬೇರೆಯವರು ಓದಿ ಬರೆದಿಟ್ಟ ಸಿದ್ಧ ಪ್ರತಿಗಳಲ್ಲಿ ಸಾಲು ಹೊಂದಿಸಿಕೊಂಡು, ಅನುಮಾನವಿರುವ ಪುಟವನ್ನಷ್ಟೇ ಓದಿಸುವುದು. ಒಂದು ಕುಟುಂಬಕ್ಕೆ ನಾಲ್ಕೈದು ಸಾವಿರದೊಳಗೆ ಮುಗಿಯುತ್ತದೆ. ಗ್ರಾಂಡ್‌ಮಾದ ಚಂದಾ ಅದರ ಮುಂದೆ ಏನೇನೂ ಅಲ್ಲ.

ಡಿಎನ್‌ಎಯನ್ನೂ ನೋಡಿದ್ದಾಯಿತು. ಒಳಗೊಳಗೇ ಮದುವೆಯಾದ ಜನ, ಆದ್ದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ದೂರದವರೂ ಹತ್ತಿರದ ಸೋದರಸಂಬಂಧಿಗಳಂತೆ ಕಾಣುತ್ತಾರೆ. ತಂದೆಯಿಂದ ಮಗನಿಗೆ ಬರುವ ವೈ-ಡಿಎನ್‌ಎ ಮಾತ್ರ ಉಪಯೋಗಕ್ಕೆ ಬಂತು, ಅದೂ ಎರಡು ಫ್ರೀಸನ್ ವಂಶಗಳು ಒಂದೇ ಎಂಬುದನ್ನು ತಳ್ಳಿಹಾಕಲು. ರಷ್ಯಾದಲ್ಲೇ ಉಳಿದ ಕವಲುಗಳಿಗೆ ಎರಡನೇ ಮಹಾಯುದ್ಧ ಕಾಲದ ಜರ್ಮನ್ ಪೌರತ್ವದ ಕಡತಗಳೇ, ಅಂದರೆ ಇಡಬ್ಲ್ಯುಝಡ್ ಕಾಗದಗಳೇ, ಹೆಚ್ಚು ಪ್ರಯೋಜನ. ಅರ್ಜಿದಾರರ ಅಜ್ಜ-ಅಜ್ಜಿಯರವರೆಗೆ ಹೆಸರು ಸಿಗುವುದುಂಟು, ಹಡಗು ಹತ್ತಿದ ತಮ್ಮನ ಸಾಲು ಅಲ್ಲಿ ಇನ್ನೊಂದು ಕಡೆಯಿಂದ ಬಂದು ಸೇರುತ್ತದೆ.