ಹಿಕರಿ ಗಾಲ್ಫ್ ಕ್ಲಬ್: ಕೊಳ್ಳುವ ಮುನ್ನ, ಉಜ್ಜುವ ಮುನ್ನ

ಹಿಕರಿ ಎಂಬ ಗಟ್ಟಿಮರದ ಶಾಫ್ಟ್ (ಉದ್ದನೆಯ ಹಿಡಿಕೋಲು) ಇರುವ ಹಳೇ ಗಾಲ್ಫ್ ಕ್ಲಬ್ ಕೊಳ್ಳಲು ಹೋಗುವಾಗ ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತ ಇರಲಿ. ಆಟದಲ್ಲಿ ಸ್ಟೀಲ್ ಶಾಫ್ಟಿಗೆ ಅಮೆರಿಕದಲ್ಲಿ 1924ರಲ್ಲೂ ಬ್ರಿಟನ್ನಿನಲ್ಲಿ 1929ರಲ್ಲೂ ಒಪ್ಪಿಗೆ ಸಿಕ್ಕಿತು. ಮರಕ್ಕೇ ಒಗ್ಗಿದ್ದ ಆಟಗಾರರಿಗಾಗಿ 1930ರ ದಶಕದಲ್ಲಿ ಸ್ಟೀಲಿನ ಮೇಲೆ ಕಂದು ಸೆಲ್ಯುಲಾಯ್ಡ್ ಹೊದಿಸಿ ಮಾರಿದರು. ನೋಡಲು ಥೇಟ್ ಹಿಕರಿ. ಅಯಸ್ಕಾಂತ ಅಂಟಿದರೆ ಗುಟ್ಟು ರಟ್ಟು.

ಮುಂದಿನದು ಶಾಫ್ಟ್. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಸ್ವಲ್ಪ ಬಾಗಿದ್ದರೆ ಹದವಾಗಿ ಬಿಸಿ ಮಾಡಿ ನೇರಗೊಳಿಸಬಹುದು, ಬಿರುಕಿದ್ದರೆ ಬಿಟ್ಟುಬಿಡಿ. ಬಿರುಕು ಹೆಚ್ಚಾಗಿ ಅಡಗುವುದು ಶಾಫ್ಟ್ ತಲೆಗೆ (ಚೆಂಡಿಗೆ ಬಡಿಯುವ ಭಾಗ) ಸೇರುವ ಜಾಗದಲ್ಲಿ, ದಾರದ ಸುತ್ತಿನ ಕೆಳಗೆ. ತಲೆ ಹಿಡಿದು ಶಾಫ್ಟನ್ನು ಮೆಲ್ಲಗೆ ತಿರುಚಿ. ಕಟಕ್ ಎಂದರೆ ಒಳಗೆ ಸಡಿಲವಾಗಿದೆ.

ಕಬ್ಬಿಣದ ತಲೆಯಾದರೆ ಹಿಂಬದಿಯಲ್ಲಿ ತಯಾರಕರ ಮುದ್ರೆ ಹುಡುಕಿ. ಸೇಂಟ್ ಆಂಡ್ರ್ಯೂಸ್‌ನ ಟಾಮ್ ಸ್ಟುವರ್ಟ್‌ನದು ತಂಬಾಕು ಸೇದುವ ಪೈಪ್, ಲೆವೆನ್‌ನ ಜಾರ್ಜ್ ನಿಕೋಲ್‌ನದು ಕೈ. ಚೆಂಡಿಗೆ ತಾಗುವ ಮುಖದಲ್ಲಿ ಗೆರೆ, ಚುಕ್ಕಿ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಹೆಚ್ಚು ಹಳೆಯದು (ಚೆಂಡನ್ನು ಕುಳಿಗೆ ಉರುಳಿಸುವ ಪಟರ್‌ಗೆ ಈ ಲೆಕ್ಕ ನಡೆಯದು). ಕ್ರೋಮ್ ಲೇಪದ ತಲೆ ಹಿಕರಿ ಯುಗದ ಕೊನೆಯದು, ಇಲ್ಲವೇ ಆಮೇಲೆ ಯಾರೋ ಬಳಿಸಿದ್ದು. ಅಂಥದಕ್ಕೆ ಜಾಸ್ತಿ ಕೊಡಬೇಡಿ.

ಇನ್ನು ಕ್ಲಬ್ ಹಾಳಾಗುವುದೇ ಶುಚಿ ಮಾಡುವ ಉತ್ಸಾಹದಲ್ಲಿ. ಮೆಷಿನ್ನಿನ ತಂತಿಬ್ರಷ್ ಹಿಡಿದರೆ ತುಕ್ಕಿನ ಜೊತೆ ಮುದ್ರೆಯೂ ಸವೆಯುತ್ತದೆ. ಫಳಫಳ ಹೊಳೆಯುವ ತಲೆಯನ್ನು ಬಲ್ಲವರು ಮುಟ್ಟುವುದಿಲ್ಲ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, 0000 ನಂಬರಿನ ಸ್ಟೀಲ್ ವುಲ್‌ನಿಂದ ಹಗುರಾಗಿ ಉಜ್ಜಿ, ಕೆಂಪು ಪುಡಿ ಹೋದೊಡನೆ ನಿಲ್ಲಿಸಿ. ಕಪ್ಪುಗಂದು ಬಣ್ಣ ಉಳಿಯಬೇಕು.

ಶಾಫ್ಟಿಗೆ ಸ್ಯಾಂಡ್‌ಪೇಪರ್ ಬೇಡ: ಗ್ರಿಪ್ಪಿನ (ಕೈಹಿಡಿಯ ಸುತ್ತು) ಕೆಳಗೆ ತಯಾರಕರ ಹೆಸರು ಒತ್ತಿರಬಹುದು. ಬಟ್ಟೆಯಿಂದ ಒರೆಸಿ, 'ಬಾಯಿಲ್ಡ್' ಎಂದು ಮಾರುವ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಕಾಲು ಗಂಟೆಯ ನಂತರ ಉಳಿದದ್ದನ್ನು ಒರೆಸಿ ತೆಗೆಯಿರಿ. ದಪ್ಪಗೆ ಬಳಿದರೆ ಅಂಟಂಟು. ಎಣ್ಣೆಯಾದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಸಡಿಲ ತಲೆಯನ್ನು ನೀರಲ್ಲಿ ನೆನೆಸುವ ಹಳೇ ಉಪಾಯ ಬೇಡ. ಮರ ಉಬ್ಬಿ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ತಲೆಯನ್ನು ಶಾಫ್ಟಿಗೆ ಬಿಗಿದ ಅಡ್ಡ ಪಿನ್ನನ್ನು ಹೊಡೆದು ತೆಗೆದು, ಒಳಗಿನ ಕೊಳೆ ಕೆರೆದು, ಎಪಾಕ್ಸಿ ಅಂಟು ಹಾಕಿ ಅದೇ ಪಿನ್ ಕೂರಿಸಿ. ಮೂಲ ಚರ್ಮದ ಗ್ರಿಪ್ ಒಣಗಿ ಬಿರಿದಿದ್ದರೂ ಕೀಳಬೇಡಿ. ಬಿಚ್ಚಿಕೊಂಡ ತುದಿಯನ್ನಷ್ಟೇ ಮೇಣ ಸವರಿದ ನಾರಿನ ದಾರದಿಂದ ಸುತ್ತಿ. ಗೋಡೆಗೆ ಒರಗಿಸಿಡುವ ಬದಲು ಮಲಗಿಸಿಡಿ, ಇಲ್ಲವೇ ತೂಗುಹಾಕಿ.