ವಿರುದ್ಧ ಪದವನ್ನು ಅದೇ ದಿನ ಕಲಿಸುವುದು ಬಿಟ್ಟೆ

ಇಂಗ್ಲಿಷ್ ಪದವನ್ನೂ ಅದರ ವಿರುದ್ಧ ಪದವನ್ನೂ ಒಂದೇ ದಿನ ಕಲಿಸಬಾರದು ಅಂದಾಗ ಜೊತೆಯ ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. ಜೋಡಿಯಾಗಿ ಕೊಟ್ಟರೆ ತಾನೇ ನೆನಪಿರೋದು ಅಂದರು. ಮೂರ್ನಾಲ್ಕು ಬ್ಯಾಚ್ ಆದ ಮೇಲೆ ಧೈರ್ಯವಾಗಿ ಬರೆಯುತ್ತಿದ್ದೇನೆ. ಮೊದಲು ಹತ್ತಕ್ಕೆ ನಾಲ್ಕೈದು ಸರಿ ಬರುತ್ತಿತ್ತು, ಈಗ ಎಂಟರ ಆಸುಪಾಸು. ಒಪ್ಪದಿದ್ದವರಲ್ಲಿ ಒಬ್ಬರು ನನ್ನ ಚೀಟಿಗಳನ್ನೇ ಕೇಳಿ ಒಯ್ದಿದ್ದಾರೆ.

ಜೋಡಿ ಕೊಟ್ಟರೆ ಏನಾಗುತ್ತದೆ ಅಂತ ನೀವೂ ನೋಡಿರುತ್ತೀರಿ. ಅಸೆಂಡ್, ಡಿಸೆಂಡ್. ಎರಡೂ ನೆನಪಿರುತ್ತವೆ, ಯಾವುದು ಹತ್ತೋದು ಯಾವುದು ಇಳಿಯೋದು ಅನ್ನುವುದೇ ಅದಲುಬದಲು. ಇಂಪ್ಲಿಸಿಟ್ (ಬಿಡಿಸಿ ಹೇಳದ್ದು), ಎಕ್ಸ್‌ಪ್ಲಿಸಿಟ್ (ಬಿಡಿಸಿ ಹೇಳಿದ್ದು) ಕಥೆಯೂ ಅದೇ. ಹಾಗಾಗಿ ಅಸೆಂಡ್ ಒಂದನ್ನೇ ಕೊಡುತ್ತೇನೆ. ಅದು ತಡವರಿಸದೆ ಬಾಯಿಗೆ ಬಂದ ಮೇಲೆ, ಹೆಚ್ಚುಕಮ್ಮಿ ಎರಡು ವಾರ ಬಿಟ್ಟು ಡಿಸೆಂಡ್. ಹಾಟ್, ಕೋಲ್ಡ್ ತರಹದ ದಿನಬಳಕೆಯ ಪದಗಳಿಗೆ ಈ ಅಂತರ ಬೇಡ. ಎರಡನೇ ಪದವನ್ನು ಮೊದಲ ಸಲ ಎಂಥ ವಾಕ್ಯದಲ್ಲಿ ತೋರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದಕ್ಕೆ ಮೊದಲು ದುಡ್ಡು ಸುರಿದದ್ದು ಕಡಿಮೆಯಲ್ಲ. ದಪ್ಪ ಪದಪಟ್ಟಿ ಪುಸ್ತಕಗಳು, ವರ್ಷದ ಚಂದಾ ಕಟ್ಟಿದ ಆ್ಯಪ್, ಬಣ್ಣದ ಕಾರ್ಡುಗಳು. ಕಾರ್ಡುಗಳ ಲ್ಯಾಮಿನೇಷನ್ನಿಗೇ ಒಂದು ತಿಂಗಳ ಫೀಸು ಹೋಯಿತು. ಬಿಗ್ ಅಂದರೆ ಲಾರ್ಜ್ ಅಂತ ಒಂದು ಕಾರ್ಡು. ಅದನ್ನು ನಂಬಿ ಮಕ್ಕಳು 'ಮೈ ಲಾರ್ಜ್ ಬ್ರದರ್' ಅಂತ ಬರೆದರು. ಕಾರ್ಡಿನಲ್ಲಿ ತಪ್ಪಿರಲಿಲ್ಲ, ಆದರೂ ವಾಕ್ಯ ಕೆಟ್ಟಿತು.

ಈಗ ಹರಿದ ಹಾಳೆಯ ಚೀಟಿಗಳೇ ಸಾಕು. ಅದರಲ್ಲಿ ಒಂಟಿ ಪದ ಬರೆಯುವುದಿಲ್ಲ, ಜೊತೆಗಾರ ಪದ, ಅಂದರೆ ವಾಕ್ಯದಲ್ಲಿ ಅದರ ಪಕ್ಕ ಬರುವ ಪದ, ಇರಲೇಬೇಕು. ಲೈಟ್ ಬ್ಯಾಗ್‌ಗೆ ಎದುರು ಹೆವಿ ಬ್ಯಾಗ್, ಲೈಟ್ ಬ್ಲೂಗೆ ಡಾರ್ಕ್ ಬ್ಲೂ. ಶಾರ್ಟ್ ಮ್ಯಾನ್‌ಗೆ ಟಾಲ್, ಶಾರ್ಟ್ ರೋಪ್‌ಗೆ ಲಾಂಗ್. ಸ್ಟ್ರಾಂಗ್ ವಿಂಡ್‌ಗೆ ವೀಕ್ ಅನ್ನುವುದು ಒಗ್ಗುವುದಿಲ್ಲ, ಲೈಟ್ ವಿಂಡ್ ಅನ್ನಬೇಕು. ಲೈಟ್ ಒಂದಕ್ಕೇ ಎಷ್ಟು ಮುಖ ನೋಡಿ! ಇದು ಕಣ್ಣಿಗೆ ಬಿದ್ದ ದಿನ ಮಕ್ಕಳೇ ಹೊಸ ಚೀಟಿ ಬರೆದು ತಂದರು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಇಂಗ್ಲಿಷಿಗೆ ಫ್ರೆಂಚ್ ಪದಗಳು ರಾಶಿರಾಶಿ ಬಂದವು, ಲ್ಯಾಟಿನ್ನಿನವೂ ಸೇರಿಕೊಂಡವು. ಅದಕ್ಕೇ ಕೇಳುವುದಕ್ಕೆ ಆಸ್ಕ್, ಕ್ವೆಶ್ಚನ್, ಇಂಟರಾಗೇಟ್ ಮೂರೂ ಇವೆ. ಗೆಳೆಯ ಯಾವುದನ್ನು ಮಾಡುತ್ತಾನೆ, ಪೊಲೀಸರು ಯಾವುದನ್ನು ಮಾಡುತ್ತಾರೆ ಅಂತ ಬಿಡಿಸಲು ಕೊಟ್ಟೆ. ತಕ್ಷಣ ಹಿಡಿದರು. ರಾಜನಿಗೆ ಸಂಬಂಧಿಸಿದ ಕಿಂಗ್ಲಿ, ರಾಯಲ್, ರೀಗಲ್ ಮಾತ್ರ ಈ ದಾರಿಗೆ ಬರಲಿಲ್ಲ, ಕೈಬಿಟ್ಟೆ.

ಅನ್, ಇನ್, ಡಿಸ್ ಹಚ್ಚಿ ವಿರುದ್ಧ ಪದ ಮಾಡುವ ಪಾಠವನ್ನು ಕೊನೆಗೆ ತಳ್ಳಿದ್ದೇನೆ. ಮೊದಲೇ ಕೊಟ್ಟರೆ ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹತ್ತದ್ದು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಇನ್‌ವ್ಯಾಲ್ಯುಯೆಬಲ್ ಕೂಡ ಹಾಗೇ, ಬೆಲೆ ಕಟ್ಟಲಾಗದಷ್ಟು ದೊಡ್ಡದು. ಇವೆರಡನ್ನು ಮೊದಲು ಪೂರಾ ವಾಕ್ಯದಲ್ಲಿ ಓದಿಸಿ, ಆಮೇಲೆ ಅನ್, ಇನ್, ಡಿಸ್ ಪಾಠ ಶುರು ಮಾಡಿ.