ನೆದರ್ಲೆಂಡ್ಸ್‌ನಲ್ಲಿ ಹೆಚ್ಚುವರಿ ಆರೋಗ್ಯ ವಿಮೆ: ನಾನು ಲೆಕ್ಕ ಹಾಕಿದ ಬಗೆ

ಐಂಡ್‌ಹೋವನ್‌ಗೆ ಹೊಸದಾಗಿ ಬಂದ ನಮ್ಮವರು ಸಿಕ್ಕರೆ ಮನೆ, ಸೈಕಲ್, ಇಂಡಿಯನ್ ಅಂಗಡಿಯ ಮಾತು ಮುಗಿದ ಮೇಲೆ ಬರುವ ಪ್ರಶ್ನೆ ಇದು: "ಇನ್ಶೂರೆನ್ಸ್ ಜೊತೆಗೆ ಎಕ್ಸ್‌ಟ್ರಾ ಪ್ಯಾಕೇಜ್ ತಗೋಬೇಕಾ?" ನವೆಂಬರ್ ಬಂದರಂತೂ ಹಳಬರೂ ಇದನ್ನೇ ಕೇಳುತ್ತಾರೆ. ಬೇಕು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹೇಗೆ ತೀರ್ಮಾನ ಮಾಡಿದೆವು ಅಂತ ಹೇಳಬಲ್ಲೆ.

ಮೊದಲು ಮೂಲ ವಿಮೆ. 2006ರಿಂದ ಇಲ್ಲಿ ಎಲ್ಲರಿಗೂ ಇದು ಕಡ್ಡಾಯ. ಬಂದ 4 ತಿಂಗಳೊಳಗೆ ಮಾಡಿಸಬೇಕು. ಆ 4 ತಿಂಗಳ ಕೊನೆಯಲ್ಲಿ ಮಾಡಿಸಿದರೂ ಪ್ರೀಮಿಯಂ ಬಂದ ದಿನದಿಂದಲೇ ಕಟ್ಟಬೇಕು, ಹಾಗಾಗಿ ಮುಂದೂಡಿ ಏನೂ ಉಳಿಯುವುದಿಲ್ಲ. ಅದರಲ್ಲಿ ಏನೇನು ಬರುತ್ತದೆ ಅನ್ನುವುದನ್ನು ಸರ್ಕಾರವೇ ಗೊತ್ತು ಮಾಡುತ್ತದೆ. ಯಾವ ಕಂಪನಿಗೆ ಹೋದರೂ ಪಟ್ಟಿ ಅದೇ. ಶುಗರ್ ಇದೆ, ಬಿಪಿ ಇದೆ, ಹಿಂದೆ ಆಪರೇಷನ್ ಆಗಿದೆ ಅಂತ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. 18 ವರ್ಷದೊಳಗಿನ ಮಕ್ಕಳಿಗೆ ಪ್ರೀಮಿಯಂ ಇಲ್ಲ. ದೊಡ್ಡವರಿಗೆ ತಿಂಗಳಿಗೆ ಹೆಚ್ಚುಕಮ್ಮಿ 150 ಯೂರೋ ಆಗುತ್ತದೆ. ಅದರ ಮೇಲೆ ವರ್ಷಕ್ಕೆ 385 ಯೂರೋ 'ಐಖೆನ್ ರಿಸಿಕೊ', ಅಂದರೆ ಮೊದಲ 385 ನಮ್ಮ ಕೈಯಿಂದ, ಆಮೇಲೆ ವಿಮೆಯದು. ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿಬರುವುದಕ್ಕೆ ಈ 385 ತಾಗುವುದಿಲ್ಲ. ಅವರು ಪ್ಯಾರಾಸಿಟಮಾಲ್ ತಗೊಳ್ಳಿ ಅಂತ ವಾಪಸ್ ಕಳಿಸುವುದು ಬೇರೆ ಕಥೆ.

ಇಲ್ಲಿ ನಮ್ಮ ಊರಿನ ಅಭ್ಯಾಸ ಅಡ್ಡ ಬರುತ್ತದೆ. ಊರಿನಲ್ಲಿ ಪಾಲಿಸಿ ಅಂದರೆ ಎಷ್ಟು ಲಕ್ಷದ್ದು ಅಂತ ಕೇಳುತ್ತೇವೆ. ಐದು ಲಕ್ಷ ಸಾಲಲ್ಲ, ಟಾಪ್‌ಅಪ್ ಇರಲಿ ಅಂತೀವಿ. ಅದೇ ಲೆಕ್ಕದಲ್ಲಿ ಇಲ್ಲೂ ದೊಡ್ಡ ಪ್ಯಾಕೇಜ್ ಇದ್ದರೆ ಧೈರ್ಯ ಅನ್ನಿಸುತ್ತದೆ. ಆದರೆ ಹಾರ್ಟ್ ಆಪರೇಷನ್, ಕ್ಯಾನ್ಸರ್, ಐಸಿಯು ಎಲ್ಲ ಮೂಲ ವಿಮೆಯಲ್ಲೇ ಇವೆ. ಇಷ್ಟೇ ಲಕ್ಷ ಅನ್ನುವ ಮಿತಿಯೂ ಇಲ್ಲ. ಹೆಚ್ಚುವರಿ ವಿಮೆಗೆ ಉಳಿಯುವುದು ಹಲ್ಲು, ಫಿಸಿಯೋ, ಕನ್ನಡಕ, ಪ್ರಯಾಣದ ಲಸಿಕೆ, ಬಾಣಂತಿ ಆರೈಕೆಯ ಚಿಲ್ಲರೆ. ಅದರಲ್ಲೂ ಪ್ರತಿಯೊಂದಕ್ಕೂ ವರ್ಷಕ್ಕೆ ಇಷ್ಟೇ ಅಂತ ಮಿತಿ. 385ನ್ನು ಇದು ಕಟ್ಟಿಕೊಡುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಕೊಡುವುದಿಲ್ಲ.

ನನ್ನ ಕಣ್ಣಿಗೆ ಇದು ಚೀಟಿ ಹಾಕಿದ ಹಾಗೆ. ತಿಂಗಳು ತಿಂಗಳು ನಮ್ಮದೇ ದುಡ್ಡು ಹಾಕುತ್ತೇವೆ, ನಡೆಸುವವರ ಕಮಿಷನ್ ಕಳೆದು ವಾಪಸ್ ಬರುತ್ತದೆ. ಅದಕ್ಕೇ ನಾನು 'ಏನಾದರೂ ಆದರೆ?' ಅಂತ ಯೋಚಿಸುವುದನ್ನೇ ಬಿಟ್ಟೆ. ಬರುವ ವರ್ಷ ಖಂಡಿತ ಆಗುವ ಖರ್ಚು ಯಾವುದು ಅಂತ ಮಾತ್ರ ನೋಡುತ್ತೇನೆ.

ಲೆಕ್ಕಕ್ಕೆ ಬೇಕಾಗಿದ್ದು ಒಂದು ಹಾಳೆ. ಕಳೆದ ವರ್ಷ ಮೂಲ ವಿಮೆ ಕೊಡದೆ ಕೈಯಿಂದ ಹೋಗಿದ್ದು ಏನು, ಬರುವ ವರ್ಷ ಏನು ಬರಬಹುದು, ಪ್ಯಾಕೇಜ್ ತಗೊಂಡರೆ ಹನ್ನೆರಡು ತಿಂಗಳಿಗೆ ಎಷ್ಟು ಕಟ್ಟಬೇಕು, ಅಷ್ಟೇ.

"ರೀ, ನಿಮ್ಮ ಹಲ್ಲಿಗೆ ಹೋದ ವರ್ಷ ಎಷ್ಟು ಖರ್ಚಾಯ್ತು?" ಅಂದೆ.

"ಅದಕ್ಕೂ ಲೆಕ್ಕ ಕೊಡಬೇಕಾ ಮಾರಾಯ್ತಿ?" ಅಂದರು. ಆದರೂ ಬಿಲ್ ಹುಡುಕಿ ಕೊಟ್ಟರು.

ಆ ಬಿಲ್ ನೋಡಲು ಚೆನ್ನಾಗಿತ್ತು. ಇಲ್ಲಿ ಹಲ್ಲಿನ ಪ್ರತಿ ಕೆಲಸಕ್ಕೂ ಒಂದು ಕೋಡ್ ಇದೆ. ಸಿ002 ಅಂದರೆ ಮಾಮೂಲಿ ತಪಾಸಣೆ. ಎಂ03 ಅಂದರೆ ಹಲ್ಲು ಶುಚಿ ಮಾಡುವುದು, ಅದೂ ಐದೈದು ನಿಮಿಷದ ಲೆಕ್ಕದಲ್ಲಿ. ಎಕ್ಸ್10 ಸಣ್ಣ ಎಕ್ಸ್‌ರೇ. ಪ್ರತಿ ಕೋಡ್‌ಗೂ ಸರ್ಕಾರಿ ಸಂಸ್ಥೆಯೊಂದು ಗರಿಷ್ಠ ದರ ಕಟ್ಟಿದೆ, ಆದ್ದರಿಂದ ದುಬಾರಿ ಡಾಕ್ಟರ್, ಅಗ್ಗದ ಡಾಕ್ಟರ್ ಅಂತ ಅಲೆಯಬೇಕಿಲ್ಲ. ಇವರದು ಎರಡು ತಪಾಸಣೆ, ಎರಡು ಸಲ ಶುಚಿ, ಒಂದು ಎಕ್ಸ್‌ರೇ ಸೇರಿ 150 ಯೂರೋ ಆಸುಪಾಸು. ವರ್ಷಕ್ಕೆ 250 ಯೂರೋವರೆಗೆ ಕೊಡುವ ಹಲ್ಲಿನ ಪ್ಯಾಕೇಜ್‌ಗೆ ನಮಗೆ ಬಂದ ದರ ತಿಂಗಳಿಗೆ 13 ಯೂರೋ, ಅಂದರೆ ವರ್ಷಕ್ಕೆ 156. ಅದೂ ನೂರಕ್ಕೆ ನೂರು ಕೊಡುವುದಿಲ್ಲ, ಕೆಲವು ಕೆಲಸಕ್ಕೆ ಮುಕ್ಕಾಲು ಭಾಗ ಮಾತ್ರ. ಹಾಗಾದರೆ ಅದು ಯಾಕೆ ಬೇಕು ಹೇಳಿ?

ಕ್ಯಾಪ್ ಹಾಕಿಸಬೇಕಾಗಿ ಬಂದರೆ ಏನು ಮಾಡೋದು ಅಂತ ಇವರು ವಾದ ಮಾಡಿದರು. ಇಲ್ಲಿ ಕ್ಯಾಪ್‌ಗೆ ಲ್ಯಾಬ್ ಖರ್ಚು ಸೇರಿ ಸಲೀಸಾಗಿ 600 ಯೂರೋ ದಾಟುತ್ತದೆ. 250ರ ಪ್ಯಾಕೇಜ್ ಅಲ್ಲಿ ಅರ್ಧಕ್ಕೂ ಬರುವುದಿಲ್ಲ. ದೊಡ್ಡ ಪ್ಯಾಕೇಜ್‌ಗಳಲ್ಲಿ ಕೆಲವಕ್ಕೆ ಕಾಯುವ ಅವಧಿ ಇರುತ್ತದೆ, ಅಂದರೆ ಸೇರಿದ ಮೇಲೆ ಇಷ್ಟು ದಿನ ಏನೂ ಕೊಡುವುದಿಲ್ಲ ಅನ್ನುವ ಷರತ್ತು; ಕೆಲವರು ಹಲ್ಲಿನ ಸ್ಥಿತಿ ಹೇಗಿದೆ ಅಂತ ಮೊದಲೇ ಕೇಳುತ್ತಾರೆ. ಮೂಲ ವಿಮೆಯ ಹಾಗಲ್ಲ ಇದು, ಬೇಡ ಅನ್ನುವ ಹಕ್ಕು ಅವರಿಗಿದೆ. ತುರ್ತಿಲ್ಲದ ಕ್ಯಾಪನ್ನು ಊರಿಗೆ ಹೋದಾಗ ಬೆಂಗಳೂರಿನಲ್ಲಿ ಹಾಕಿಸಿದರೆ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಇಲ್ಲಿನ ನಮ್ಮವರು ಮಾಡುವುದೂ ಅದನ್ನೇ. ಇನ್ನೊಂದು ವಿಷಯ: 250 ಯೂರೋ ಮೇಲಿನ ಕೆಲಸಕ್ಕೆ ಡೆಂಟಿಸ್ಟ್ ಮೊದಲೇ ಅಂದಾಜು ಪಟ್ಟಿ ಕೊಡಬೇಕು. ಅದನ್ನು ಇಸ್ಕೊಂಡೇ ಕುರ್ಚಿಯಲ್ಲಿ ಕೂರಿ. ಹಲ್ಲಿನ ಪ್ಯಾಕೇಜ್ ನಾವು ಬಿಟ್ಟೆವು. ಮಗನಿಗೆ ಆ ಚಿಂತೆಯೇ ಇರಲಿಲ್ಲ, 18ರವರೆಗೆ ತಪಾಸಣೆ, ಹುಳುಕು ತುಂಬಿಸುವುದು ಮೂಲ ವಿಮೆಯಲ್ಲೇ ಬರುತ್ತದೆ.

ಫಿಸಿಯೋದಲ್ಲಿ ಲೆಕ್ಕ ಉಲ್ಟಾ ಆಯಿತು. ನನಗೆ ಸೊಂಟ ನೋವು ಹಳೆಯ ಗೆಳತಿ. ದೊಡ್ಡವರ ಮಾಮೂಲಿ ಸೊಂಟ ನೋವಿಗೆ ಮೂಲ ವಿಮೆ ಏನೂ ಕೊಡುವುದಿಲ್ಲ. ಪಟ್ಟಿಯಲ್ಲಿರುವ ದೀರ್ಘಕಾಲದ ಕಾಯಿಲೆಗಳಿಗೆ ಕೊಡುತ್ತದೆ, ಅದೂ 21ನೇ ಸಲದಿಂದ. ಒಂದು ಸಲ ಹೋಗಿಬಂದರೆ 40 ಯೂರೋ ಹತ್ತಿರ. ವರ್ಷಕ್ಕೆ 9 ಸಲ ಕೊಡುವ ಪ್ಯಾಕೇಜ್ ನನಗೆ ತಿಂಗಳಿಗೆ 11 ಯೂರೋಗೆ ಸಿಕ್ಕಿತು. ನಾಲ್ಕು ಸಲ ಹೋದರೆ ಕಟ್ಟಿದ್ದು ವಸೂಲ್. ಇಲ್ಲಿ ಫಿಸಿಯೋಗೆ ಡಾಕ್ಟರ್ ಚೀಟಿ ಬೇಕಾಗಿಲ್ಲ, ನೇರ ಫೋನ್ ಮಾಡಿ ಹೋಗಬಹುದು. ಆದರೆ ಆ ಫಿಸಿಯೋ ಕಂಪನಿಯ ಜೊತೆ ಒಪ್ಪಂದದಲ್ಲಿದ್ದಾರಾ ಅಂತ ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪೂರ್ತಿ ದುಡ್ಡು ಬರುವುದಿಲ್ಲ. ಪಾಲಿಸಿಯ ಪಿಡಿಎಫ್ ಪೂರ್ತಿ ಓದುವ ತಾಳ್ಮೆ ನನಗಿಲ್ಲ. ಮಿತಿ ಎಷ್ಟು, ಕಾಯುವ ಅವಧಿ ಇದೆಯಾ, ಒಪ್ಪಂದದ ಹೊರಗೆ ಹೋದರೆ ಎಷ್ಟು ಕೊಡುತ್ತಾರೆ, ಇಷ್ಟನ್ನು ಹುಡುಕಿ ಆ ಸಾಲುಗಳನ್ನು ಮಾತ್ರ ಫೋನ್‌ನಲ್ಲಿ ಅನುವಾದ ಮಾಡಿಕೊಂಡೆ.

ಕನ್ನಡಕಕ್ಕೆ ಅಂತ ಪ್ಯಾಕೇಜ್ ತಗೊಳ್ಳೋದು ಸುಮ್ನೆ. ವಿದೇಶದ ಚಿಕಿತ್ಸೆ ಅನ್ನುವ ಸಾಲೂ ಊರಿಗೆ ಮಾತ್ರ ಹೋಗಿಬರುವವರನ್ನು ಹೆದರಿಸಬೇಕಾಗಿಲ್ಲ. ತುರ್ತು ಚಿಕಿತ್ಸೆಗೆ ಮೂಲ ವಿಮೆಯೇ ಇಲ್ಲಿನ ದರದ ಮಟ್ಟಿಗೆ ಕೊಡುತ್ತದೆ, ನಮ್ಮ ಊರಿನ ಬಿಲ್ ಅದರೊಳಗೇ ಇರುವುದು ಜಾಸ್ತಿ. ಅಮೆರಿಕಕ್ಕೆ ಹೋಗುವವರ ಮಾತು ಬೇರೆ. ಊರಿನಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದರೆ, ಇಲ್ಲಿ ದುಡ್ಡು ಕೇಳಲು ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ ಎರಡನ್ನೂ ಇಂಗ್ಲಿಷ್‌ನಲ್ಲೇ ತಂದುಬಿಡಿ.

ಎರಡನೇ ಮಗು ಬರುತ್ತದೆ ಅಂತ ಗೊತ್ತಾದದ್ದು ಅಕ್ಟೋಬರ್‌ನಲ್ಲಿ. ಆಗ ಹಾಳೆಯನ್ನು ಮತ್ತೆ ತೆಗೆದೆ. ಪ್ಯಾಕೇಜ್ ಬದಲಾಯಿಸಲು ಸಾಮಾನ್ಯವಾಗಿ ಸಿಗುವುದು ಜನವರಿ 1 ಒಂದೇ, ಮಗು ಬರುವುದು ಬೇಸಿಗೆಗೆ. ಸಮಯ ಕೂಡಿಬಂತು.

ಇಲ್ಲಿ 'ಕ್ರಾಮ್‌ಜೋರ್ಗ್' ಅಂತ ಒಂದು ವ್ಯವಸ್ಥೆ ಇದೆ. ಹೆರಿಗೆಯಾದ ಮೇಲೆ ತರಬೇತಿ ಪಡೆದ ಹೆಂಗಸೊಬ್ಬರು ಮನೆಗೇ ಬರುತ್ತಾರೆ. ಸುಮಾರು ಎಂಟು ದಿನ, ಸಾಮಾನ್ಯವಾಗಿ 49 ಗಂಟೆಯವರೆಗೆ. ಮಗುವಿನ ತೂಕ, ಜ್ವರ ನೋಡುತ್ತಾರೆ, ಹಾಲು ಕುಡಿಸುವುದು ಹೇಳಿಕೊಡುತ್ತಾರೆ, ಹೊಲಿಗೆ ಪರೀಕ್ಷಿಸುತ್ತಾರೆ, ಬಾತ್‌ರೂಮ್ ತೊಳೆಯುವುದೂ ಉಂಟು. ಇದು ಮೂಲ ವಿಮೆಯದೇ, 385 ಇದಕ್ಕೆ ತಾಗುವುದಿಲ್ಲ. ಆದರೆ ಗಂಟೆಗೆ 5 ಯೂರೋ ಚಿಲ್ಲರೆ ನಾವು ಕೊಡಬೇಕು. 49 ಗಂಟೆಗೆ 250 ದಾಟಿತು ಅಲ್ವಾ? ವೈದ್ಯಕೀಯ ಕಾರಣ ಇಲ್ಲದೆ ನಾವೇ ಇಷ್ಟಪಟ್ಟು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡರೆ ಇನ್ನೂ ಕೆಲವು ನೂರು. ಇಲ್ಲಿನ ಹೆಂಗಸರು ಎಷ್ಟೋ ಜನ ಮನೆಯಲ್ಲೇ ಹೆರುತ್ತಾರೆ, ನನಗೆ ಅಷ್ಟು ಧೈರ್ಯ ಬರಲಿಲ್ಲ. ಈ ಎರಡನ್ನೂ ಕೊಟ್ಟು, ಫಿಸಿಯೋನೂ ಇರುವ ಪ್ಯಾಕೇಜ್ ತಿಂಗಳಿಗೆ 25 ಯೂರೋ ಒಳಗೆ ಇತ್ತು. ಆರೋಗ್ಯದ ಪ್ರಶ್ನೆ ಕೇಳದ ಪ್ಯಾಕೇಜ್ ನೋಡಿ, ಬಸುರಿಗೆ ಕಾಯುವ ಅವಧಿ ಇಲ್ಲ ಅಂತ ಇಮೇಲ್‌ನಲ್ಲಿ ಬರೆಸಿಕೊಂಡು ಸೇರಿದೆ. ಇವರಿಗೆ ಹೆಚ್ಚುವರಿ ಏನೂ ಇಲ್ಲ. ಮನೆಮಂದಿಯೆಲ್ಲ ಒಂದೇ ಪ್ಯಾಕೇಜ್ ತಗೋಬೇಕು ಅಂತ ಏನಿಲ್ಲ.

ಆ ಎಂಟು ದಿನ ನಮ್ಮ ಮನೆಯಲ್ಲಿ ಎರಡು ಸರ್ಕಾರ. ಅಮ್ಮ ಹಾಸನದಿಂದ ಬಂದಿದ್ದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಿಸಿ ನೀರು, ಮೆಣಸಿನ ಸಾರು ಅಂತ ಅವರದು. ಕ್ರಾಮ್‌ಜೋರ್ಗ್‌ನವರು ಬಂದವರೇ ಕಿಟಕಿ ತೆಗೆದರು! ಮೂರನೇ ದಿನದ ಹೊತ್ತಿಗೆ ಅಮ್ಮ ಎಣ್ಣೆ ಹಚ್ಚುವುದನ್ನು ಆಕೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಅಮ್ಮನಿಗೆ ನಮ್ಮ ವಿಮೆ ಅನ್ವಯಿಸುವುದಿಲ್ಲ. ಇಲ್ಲಿಗೆ ಬರಲು ಬೇಕಾದ ಷೆಂಗನ್ ವೀಸಾಗೆ ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಬೇಕು. ವೀಸಾಗೆ ಸಾಕಾಗುವ ಅಗ್ಗದ ಪಾಲಿಸಿಗಳಲ್ಲಿ ಹಳೆಯ ಬಿಪಿ, ಶುಗರ್‌ನಿಂದ ಬರುವ ತೊಂದರೆಯನ್ನು ಹೊರಗಿಟ್ಟಿರುವುದು ಜಾಸ್ತಿ. ಅದನ್ನು ಸೇರಿಸಿರುವುದನ್ನೇ ಹುಡುಕಿ ಕೊಂಡೆವು. ಇಡೀ ಲೆಕ್ಕದಲ್ಲಿ ನಾನು ಹಿಂದೆಮುಂದೆ ನೋಡದೆ ಕೊಟ್ಟ ದುಡ್ಡು ಅಂದರೆ ಅದೊಂದೇ.

ಬದಲಾಯಿಸುವುದು ಕಷ್ಟವಲ್ಲ. ನವೆಂಬರ್ 12ರೊಳಗೆ ಎಲ್ಲ ಕಂಪನಿಗಳೂ ಮುಂದಿನ ವರ್ಷದ ದರ ಹೇಳುತ್ತವೆ. ಡಿಸೆಂಬರ್ 31ರೊಳಗೆ ಹೊಸದಕ್ಕೆ ಸೇರಿದರೆ ಹಳೆಯದನ್ನು ಅವರೇ ರದ್ದು ಮಾಡಿಸುತ್ತಾರೆ. ಮೂಲ ವಿಮೆ ಒಂದು ಕಡೆ, ಹೆಚ್ಚುವರಿ ಇನ್ನೊಂದು ಕಡೆ ಇಟ್ಟುಕೊಳ್ಳಬಹುದು, ಆದರೆ ಬರೀ ಹೆಚ್ಚುವರಿಗೆ ಬಂದವರಿಂದ ಜಾಸ್ತಿ ಕೇಳುವ ಕಂಪನಿಗಳೂ ಇವೆ. ಆಫೀಸಿನ ಮೂಲಕ ಬರುವ ರಿಯಾಯಿತಿ 2023ರಿಂದ ಮೂಲ ವಿಮೆಗೆ ಇಲ್ಲ, ಹೆಚ್ಚುವರಿಗೆ ಇರಬಹುದು. ರಿಯಾಯಿತಿ ಇದೆ ಅಂತ ಬೇಡದ ಪ್ಯಾಕೇಜ್ ತಗೊಂಡವರನ್ನು ನಮ್ಮ ಆಫೀಸಿನಲ್ಲೇ ನೋಡಿದ್ದೇನೆ.

ಈ ವರ್ಷ ಬಾಣಂತನದ ಪ್ಯಾಕೇಜ್ ಬಿಟ್ಟು ಮತ್ತೆ 11 ಯೂರೋದ ಫಿಸಿಯೋಗೆ ಬಂದಿದ್ದೇನೆ. ಮುಂದಿನದು ದೊಡ್ಡ ಮಗನ ಹಲ್ಲಿನ ತಂತಿ. ಮೇಲಿನ ಸಾಲು ಸೊಟ್ಟ ಬರುತ್ತಿದೆ. ಮಾಮೂಲಿ ತಂತಿ ಮೂಲ ವಿಮೆಯಲ್ಲಿ ಇಲ್ಲ, ಖರ್ಚು ಎರಡು ಸಾವಿರ ಯೂರೋ ದಾಟಬಹುದು, ಕೆಲವು ಪ್ಯಾಕೇಜ್‌ಗಳಲ್ಲಿ ಒಂದು ವರ್ಷ ಕಾಯಬೇಕು. ಡೆಂಟಿಸ್ಟ್ ಅವನಿಗೆ ಹನ್ನೊಂದು ತುಂಬಿದ ಮೇಲೆ ನೋಡೋಣ ಅಂದಿದ್ದಾರೆ. ಹಾಗಾದರೆ ಹತ್ತಕ್ಕೇ ಸೇರಿಸಬೇಕು.